ಅಳುವ ಭಾಷೆಯ ಬದಲಾವಣೆಗೆ ಅರ್ಜಿ

ಮನುಷ್ಯನ ದುಃಖಕ್ಕೆ ಭಾಷೆ ಇರುತ್ತದೆ ಎಂಬುದನ್ನು ಆನ್‌ಲೈನ್ ಆಪ್ತಸಮಾಲೋಚನಾ ಇಲಾಖೆಯು ತನ್ನ ಹದಿನೇಳನೇ ಸುತ್ತೋಲೆಯಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿದೆ. ಒಬ್ಬರಿಗೆ ಒಂದೇ ಭಾಷೆ ಎಂಬುದು ಅದೇ ಸುತ್ತೋಲೆಯ ಎರಡನೇ ಸಾಲು. ಅರ್ಜಿಯಲ್ಲಿ ಯಾವ ಭಾಷೆಗೆ ಗುರುತು ಹಾಕಿದ್ದೀರೋ ಅದರಲ್ಲೇ ಕೊರಗತಕ್ಕದ್ದು. ನಡುವೆ ಬೇರೆ ಭಾಷೆಯ ಮಾತು ನುಸುಳಿದರೆ ಕಂಪ್ಯೂಟರ್ ತಾನಾಗಿಯೇ ಕರೆ ಕಡಿದು "ತಮ್ಮ ಸಹಕಾರಕ್ಕೆ ಧನ್ಯವಾದಗಳು" ಎನ್ನುತ್ತದೆ. ಯಂತ್ರವಾದರೂ ಮರ್ಯಾದೆ ಕಲಿತಿದೆಯಲ್ಲ, ಅಷ್ಟಕ್ಕೇ ಸಂತೋಷಪಡೋಣ.

ಇಂಥ ಇಲಾಖೆಗೆ ಐದು ಭಾಷೆ ಬಲ್ಲ ಡಾಕ್ಟರಮ್ಮ ಮನಶ್ಶಾಸ್ತ್ರಜ್ಞೆಯಾಗಿ ಬಂದರು. ಅವರದು ಸಮಗ್ರ ವಿಧಾನ. ಒಂದಿಷ್ಟು ಮಾತು, ಒಂದಿಷ್ಟು ಉಸಿರಾಟ, ಒಂದಿಷ್ಟು ಬಾಲ್ಯದ ನೆನಪು, ಯಾರಿಗೆ ಯಾವುದು ಒಗ್ಗುತ್ತದೋ ಅದು. ಸೂಪರಿಂಟೆಂಡೆಂಟರು ಅವರ ಯೋಜನೆಯನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಚೆನ್ನಾಗಿದೆಯಮ್ಮ. ಬಾಲ್ಯ ಮಾತ್ರ ಬೇಡ. ನಮ್ಮ ಸೇವೆ ವಯಸ್ಕರಿಗೆ ಮಾತ್ರ."

ಡಾಕ್ಟರಮ್ಮ ನಗು ತಡೆದುಕೊಂಡರು. ಅದು ತಮಾಷೆಯಲ್ಲ ಎಂದು ತಿಳಿಯಲು ಅವರಿಗೆ ಒಂದು ವಾರ ಹಿಡಿಯಿತು.

ಅವರ ಮೊದಲ ಅರ್ಜಿದಾರ ಹನ್ನೆರಡು ಅಂತಸ್ತಿನ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವವನು. ಕೆಲಸದ ಭಾಷೆಗೆ ಗುರುತು ಹಾಕಿದ್ದ, ಆ ಭಾಷೆಯಲ್ಲೇ ಹೇಳಿದ: "ನನ್ನ ತಾಯಿಯವರು ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ದೂರವಾಣಿ ಮಾಡಿ ನನ್ನ ಭೋಜನದ ಬಗ್ಗೆ ವಿಚಾರಿಸುತ್ತಿದ್ದರು. ಕೊನೆಯ ದಿನ ಲಿಫ್ಟಿನಲ್ಲಿ ದೊಡ್ಡ ಅಧಿಕಾರಿಗಳಿದ್ದ ಕಾರಣ ಕರೆಯನ್ನು ಕಡಿತಗೊಳಿಸಿದೆ. ಸಂಜೆ ಅವರು ನಿಧನರಾದರು."

ನೋಟೀಸು ಬೋರ್ಡು ಓದಿದ ಹಾಗಿತ್ತು. ಕಣ್ಣಲ್ಲಿ ಒಂದು ಹನಿಯಿಲ್ಲ. ಆಮೇಲೆ ಅವನ ಬಾಯಿಂದ ತಾಯಿಯ ಭಾಷೆಯ ಒಂದೇ ಒಂದು ಮಾತು ಬಂತು. ಮುಖ ಆಗ ಕರಗಿತು. ಕಂಪ್ಯೂಟರ್ ಅವನ ಸಹಕಾರಕ್ಕೆ ಧನ್ಯವಾದ ಹೇಳಿತು.

ಮುಂದಿನ ವಾರವೂ ಇದೇ ಕಥೆ. ಅದರ ಮುಂದಿನ ವಾರವೂ ಇದೇ. ತಾಯಿಯ ಆ ಭಾಷೆ ಆಡುವವರು ಅವನ ಪಾಲಿಗೆ ಬೇರೆ ಯಾರೂ ಉಳಿದಿರಲಿಲ್ಲ. ಡಾಕ್ಟರಮ್ಮನಿಗೆ ಅದು ಚೆನ್ನಾಗಿ ಬರುತ್ತಿತ್ತು. ಅವರು ಸೀದಾ ಸೂಪರಿಂಟೆಂಡೆಂಟರ ಕೋಣೆಗೆ ನುಗ್ಗಿದರು.

"ಸಾರ್, ಮನುಷ್ಯ ಬೈಯೋದು ಒಂದು ಭಾಷೇಲಿ, ಲೆಕ್ಕ ಹಾಕೋದು ಇನ್ನೊಂದರಲ್ಲಿ, ಅಳೋದು ಮತ್ತೊಂದರಲ್ಲಿ!"

"ಹಾಗಾದ್ರೆ ಮೂರು ಅರ್ಜಿ ಹಾಕ್ಲಿ ಬಿಡಿ. ಯಾರು ಬೇಡ ಅಂದ್ರು?"

ಭಾಷೆ ಬದಲಾಯಿಸಲು ನಿಯಮ ಇದ್ದೇ ಇತ್ತು. ಅರ್ಜಿದಾರನು ಖುದ್ದಾಗಿ ಮೂರನೇ ಕಿಟಕಿಗೆ ಬಂದು, ಕೋರಿದ ಭಾಷೆಯಲ್ಲಿ ಎರಡು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಅತ್ತು ತೋರಿಸತಕ್ಕದ್ದು. ಆ ಭಾಷೆ ಬಲ್ಲ ಅಧಿಕಾರಿ ಒಂದೇ ಒಂದು ಪ್ರಶ್ನೆ ಕೇಳಿ ದೃಢೀಕರಿಸತಕ್ಕದ್ದು. ಸಂಭಾಷಣೆ ನಿಷಿದ್ಧ. ಆ ಭಾಷೆ ಬಲ್ಲವರು ಇಲಾಖೆಯಲ್ಲಿ ಡಾಕ್ಟರಮ್ಮ ಒಬ್ಬರೇ ಆದ್ದರಿಂದ ಅವರನ್ನೇ ಕಿಟಕಿಯ ಹಿಂದೆ ಕೂರಿಸಿದರು. ಪಕ್ಕದಲ್ಲಿ ಕೈಗಡಿಯಾರ ಬಿಚ್ಚಿಟ್ಟುಕೊಂಡು ಗುಮಾಸ್ತೆ ಕೂತಳು.

ಲಿಫ್ಟಿನವನು ಸಮವಸ್ತ್ರದಲ್ಲೇ ಬಂದಿದ್ದ. ಗಾಜಿನ ತೂತಿಗೆ ಬಾಯಿಟ್ಟು ಪಿಸುಗುಟ್ಟಿದ.

"ಡಾಕ್ಟರಮ್ಮ, ಹಿಂದೆ ಇಷ್ಟು ಜನ ನಿಂತಿದ್ದಾರೆ. ಅಳು ಅಂದ್ರೆ ಹೇಗೆ ಅಳ್ಲಿ?"

"ಸಂಭಾಷಣೆ ಇಲ್ಲ," ಅಂದಳು ಗುಮಾಸ್ತೆ. "ಮೇಡಂ, ಪ್ರಶ್ನೆ ಕೇಳಿ. ಒಂದೇ."

ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡಿದರು. ಒಂದು ಗಂಟೆಗೆ ಎರಡು ನಿಮಿಷ ಇತ್ತು. ಅವನ ತಾಯಿಯ ಭಾಷೆಯಲ್ಲಿ ಮೆಲ್ಲಗೆ ಕೇಳಿದರು.

"ಊಟ ಆಯ್ತಾ, ಮಗಾ?"

ಅವನು ಟೋಪಿ ತೆಗೆದ. "ಆಯ್ತಮ್ಮ," ಅಂದ. "ಆಯ್ತಮ್ಮ, ಆಯ್ತು, ನೀನು ಉಂಡ್ಯಾ?" ಅನ್ನುತ್ತಾ ಕಿಟಕಿಯ ಕಟ್ಟೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಸಾಲಿನಲ್ಲಿದ್ದವರು ಮೊಬೈಲು ಜೇಬಿಗಿಟ್ಟರು. ಗುಮಾಸ್ತೆ ಎರಡು ನಿಮಿಷಕ್ಕೆ ನಿಲ್ಲಿಸಬಹುದಿತ್ತು, ಒಂಬತ್ತು ನಿಮಿಷ ಬಿಟ್ಟಳು. ಆಮೇಲೆ ಮೂಗೊರೆಸಿಕೊಂಡು "ಅತ್ತದ್ದು ನಿಜ" ಎಂದು ಪ್ರಮಾಣಪತ್ರಕ್ಕೆ ಮೊಹರು ಒತ್ತಿದಳು.

ಕಡತ ಸೂಪರಿಂಟೆಂಡೆಂಟರ ಮೇಜಿಗೆ ಹೋಯಿತು. ಅವರು ಷರಾ ಬರೆದರು: "ಅರ್ಜಿದಾರರ ದುಃಖವು ಕಿಟಕಿಯಲ್ಲೇ ವಿಲೇವಾರಿಯಾಗಿರುವುದರಿಂದ ಆನ್‌ಲೈನ್ ಸೇವೆಯ ಅಗತ್ಯ ಕಂಡುಬರುವುದಿಲ್ಲ."

"ಸಾರ್, ಮುಂದಿನ ವಾರ ಮತ್ತೆ ಬರಬಹುದಾ?" ಎಂದು ಲಿಫ್ಟಿನವನು ಬಾಗಿಲಲ್ಲೇ ನಿಂತು ಕೇಳಿದ.

ಸೂಪರಿಂಟೆಂಡೆಂಟರು ಯೋಚಿಸಿದರು. "ಪ್ರಮಾಣಪತ್ರಕ್ಕೆ ಏಳೇ ದಿನದ ಅವಧಿ ಇಡೋಣ. ನವೀಕರಣಕ್ಕೆ ಬರ್ಲೇಬೇಕಾಗುತ್ತೆ."

ಸುದ್ದಿ ಹಬ್ಬಿತು. ದರ್ಜಿ ಬಂದ, ದಾದಿ ಬಂದಳು, ಮಾತು ಬಿಟ್ಟ ಅಣ್ಣತಮ್ಮಂದಿರು ಬೇರೆ ಬೇರೆ ಬಂದು ಒಂದೇ ಸಾಲಿನಲ್ಲಿ ಸಿಕ್ಕಿಬಿದ್ದರು. ಆನ್‌ಲೈನ್ ವಿಭಾಗದ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸಿದರು. ಸೇವೆಗೆ ಬೇಡಿಕೆ ಸೊನ್ನೆಗೆ ಇಳಿದಿದ್ದರಿಂದ ಜನರ ಮಾನಸಿಕ ಆರೋಗ್ಯ ಪೂರ್ತಿ ಸುಧಾರಿಸಿದೆ ಎಂದು ಇಲಾಖೆ ಪ್ರಕಟಣೆ ಹೊರಡಿಸಿತು. ಸುಳ್ಳೆಂದು ಹೇಳಲು ಯಾರಿಗೂ ಮನಸ್ಸು ಬರಲಿಲ್ಲ.

ಡಾಕ್ಟರಮ್ಮ ದಿನಕ್ಕೆ ಅರವತ್ತು ಜನರಿಗೆ ಒಂದೊಂದು ಪ್ರಶ್ನೆ ಕೇಳುತ್ತಾ ಕೂತರು. ಒಂದು ಮಧ್ಯಾಹ್ನ ಲಿಫ್ಟಿನವನು ನವೀಕರಣ ಮುಗಿಸಿ ಹೊರಟವನು ತಿರುಗಿ ನೋಡಿದ.

"ಡಾಕ್ಟರಮ್ಮ, ನಿಮ್ಮದು ಊಟ ಆಯ್ತಾ?"

ಈ ಊರಿಗೆ ಬಂದ ಮೇಲೆ ಅವರನ್ನು ಹೀಗೆ ಕೇಳಿದವರೇ ಇರಲಿಲ್ಲ. ಬಾಯಿ ತೆರೆದರು. ಗುಮಾಸ್ತೆ ತಲೆ ಅಲ್ಲಾಡಿಸಿದಳು, ದೃಢೀಕರಣಾಧಿಕಾರಿ ಉತ್ತರ ಕೊಡುವ ಹಾಗಿಲ್ಲ. ಡಾಕ್ಟರಮ್ಮ ಕಟ್ಟಿನಿಂದ ಒಂದು ಅರ್ಜಿ ಎಳೆದು, ಭಾಷೆಯ ಜಾಗದಲ್ಲಿ ಗುರುತು ಹಾಕಿ, ಕಿಟಕಿ ಸುತ್ತಿಕೊಂಡು ಹೊರಗೆ ಹೋಗಿ ಸಾಲಿನ ಕೊನೆಗೆ ನಿಂತರು.

ಅವರ ಮುಂದೆ ಅರ್ಜಿ ಹಿಡಿದು ನಿಂತಿದ್ದ ಸೂಪರಿಂಟೆಂಡೆಂಟರು ಸ್ವಲ್ಪ ಸರಿದು ಜಾಗ ಕೊಟ್ಟರು.