ಹನ್ನೆರಡು ರೂಪಾಯಿಯ ಹಲ್ಲು

ನೋಯುವ ಹಲ್ಲನ್ನಲ್ಲದೆ ಬೇರಾವ ಹಲ್ಲನ್ನೂ ಕೀಳತಕ್ಕದ್ದಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸಂಯುಕ್ತ ಉಚಿತ ದಂತ ಘಟಕದ ಮೂರನೆಯ ನಿಯಮ ಇದು. 1978ರಲ್ಲಿ ಘಟಕ ಸ್ಥಾಪನೆಯಾದಾಗ ಇದನ್ನು ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿ, ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ತೂಗುಹಾಕಲಾಗಿತ್ತು.

ಘಟಕವನ್ನು ಹಂಚುವಾಗ ಯಾವ ಊರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳಲಾಯಿತು. ಕುರ್ಚಿ ಕಡೂರಿಗೆ, ಇಕ್ಕಳ ತರೀಕೆರೆಗೆ, ಡಾಕ್ಟರು ಅಜ್ಜಂಪುರಕ್ಕೆ. ಮೊದಲ ವರ್ಷ ಈ ಮೂರೂ ಒಂದೇ ಊರಲ್ಲಿ ಸೇರಿದ್ದು ಒಂದೇ ದಿನ. ಅಂದು ಮೂರು ಹಲ್ಲು ಕೀಳಲಾಯಿತು.

ಮರುವರ್ಷ ಲೆಕ್ಕ ತಪಾಸಣೆಯವರು ಬಂದು ನಾಲ್ಕು ಸಾಲು ಬರೆದು ಹೋದರು: "ಖರ್ಚು ಹದಿನೆಂಟು ಸಾವಿರ, ಹಲ್ಲು ಮೂರು. ಉಚಿತ ಹಲ್ಲೊಂದಕ್ಕೆ ತಗುಲಿದ ವೆಚ್ಚ ಆರು ಸಾವಿರ ರೂಪಾಯಿ. ತರೀಕೆರೆ ಪೇಟೆಯ ಖಾಸಗಿ ದಂತವೈದ್ಯ ಷಡಕ್ಷರಿ ಹನ್ನೆರಡು ರೂಪಾಯಿಗೆ ಕೀಳುತ್ತಾರೆ, ಹತ್ತಿಯೂ ಸೇರಿ. ವಿವರಣೆ ನೀಡತಕ್ಕದ್ದು."

ಘಟಕದ ವಿಶೇಷಾಧಿಕಾರಿ ಸೋಮಶೇಖರಪ್ಪನವರು ಎದೆಗುಂದಲಿಲ್ಲ. ಖರ್ಚು ಇಳಿಸಬೇಕು, ಇಲ್ಲವೇ ಹಲ್ಲು ಹೆಚ್ಚಿಸಬೇಕು. ಖರ್ಚು ಇಳಿಸಿದರೆ ಅವರ ಜೀಪು ಹೋಗುತ್ತಿತ್ತು. ಆದುದರಿಂದ ಹದಿನೆಂಟು ಸಾವಿರವನ್ನು ಹನ್ನೆರಡರಿಂದ ಭಾಗಿಸಿ, ಮಾರ್ಚ್ ಮೂವತ್ತೊಂದರ ಸಂಜೆ ಐದರೊಳಗೆ ಸಾವಿರದ ಐನೂರು ಹಲ್ಲು ಎಂಬ ಗುರಿ ನಿಗದಿಯಾಯಿತು. ಸುತ್ತಲಿನ ಸರ್ಕಾರಿ ಶಾಲೆಗಳ ನೂರೈವತ್ತು ಮೇಷ್ಟ್ರುಗಳಿಗೆ ತಲಾ ಹತ್ತು. ಗುರಿ ಮುಟ್ಟದವರ ಸಂಬಳ ತಡೆಹಿಡಿಯಲಾಗುವುದು. ಖಾಸಗಿಯವರಲ್ಲಿ ಹಲ್ಲು ಕೀಳಿಸಿಕೊಂಡ ನೌಕರರ ಇಂಕ್ರಿಮೆಂಟ್ ರದ್ದು. ಹೀಗೆಂದು ಸುತ್ತೋಲೆ ಹೊರಟಿತು.

ಸುತ್ತೋಲೆ ಚೌಳಹಿರಿಯೂರಿಗೆ ಬಂದಾಗ ಹೆಡ್‌ಮೇಷ್ಟ್ರು ದೇವೀರಪ್ಪನವರು ದವಡೆಗೆ ಟವೆಲ್ ಕಟ್ಟಿಕೊಂಡು ಕೂತಿದ್ದರು. ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ. ಹತ್ತರಲ್ಲಿ ಒಂದಂತೂ ತಮ್ಮ ಬಾಯಲ್ಲೇ ಸಿದ್ಧವಿದೆಯೆಂದು ಸಮಾಧಾನಪಟ್ಟು ತರೀಕೆರೆ ಬಸ್ಸು ಹಿಡಿದರು. ಅಲ್ಲಿ ಕುರ್ಚಿ, ಇಕ್ಕಳ, ಡಾಕ್ಟರು ಮೂರನ್ನೂ ಒಟ್ಟುಗೂಡಿಸಲಾಗಿತ್ತು.

"ನೋಯೋ ದವಡೆ ಹಲ್ಲಾ?" ಸೋಮಶೇಖರಪ್ಪನವರು ಗಡಿಯಾರ ನೋಡಿದರು. "ಇಂಜೆಕ್ಷನ್ ಬೇಕು, ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಮುಂದಿನ ಹಲ್ಲು ಒಂಬತ್ತು ಆಗ್ತವೆ. ಏಪ್ರಿಲ್‌ನಲ್ಲಿ ಬನ್ನಿ ಮೇಷ್ಟ್ರೇ."

"ತಡ್ಕೊಳ್ಳೋಕೆ ಆಗ್ತಿಲ್ಲ ಸಾರ್."

"ಅದೇ ಕಣ್ರೀ ತೊಂದ್ರೆ. ನೋವಿಲ್ದೋರಾದ್ರೆ ತಾಪತ್ರಯ ಇಲ್ಲ, ಬೇಗ ಎದ್ದು ಹೋಗ್ತಾರೆ."

ಒಂದನೇ ಕ್ಲಾಸಿನ ಹಾಲುಹಲ್ಲುಗಳು ಮೊದಲ ವಾರದಲ್ಲೇ ಮುಗಿದವು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವುದು ಊರಿನ ರೂಢಿ. ಆದುದರಿಂದ ಮೇಷ್ಟ್ರುಗಳು ಏಣಿ ಹಾಕಿದರು. ದೇವೀರಪ್ಪನವರೂ ಹಾಕಿದರು.

"ಯಾವನ್ಲೇ ಅವ್ನು ನಮ್ಮ ಹೆಂಚಿನ ಮೇಲೆ?" ಕೆಳಗಿನಿಂದ ಜಯಲಕ್ಷ್ಮಮ್ಮ ಕೂಗಿದಳು.

"ನಾನು ಕಣಮ್ಮಾ, ಹೆಡ್‌ಮೇಷ್ಟ್ರು."

"ಅಯ್ಯೋ, ನೀವಾ! ಏನ್ ಹುಡುಕ್ತಿದೀರಾ?"

"ಹಲ್ಲು."

"ನಿಮ್ದಾ?"

"ಸರ್ಕಾರದ್ದು."

"ಹಂಗಾದ್ರೆ ಬಚ್ಚಲ ಕಡೆ ನೋಡಿ. ನಮ್ಮ ಹುಡ್ಗಿ ಎಸ್ದಿದ್ದು ಆ ಕಡೆಗೇ. ಹೆಂಚು ಒಡೆದ್ರೆ ಮಾತ್ರ ನಿಮ್ಮ ಸರ್ಕಾರನೇ ಹಾಕಿಸ್ಕೊಡ್ಬೇಕು, ಈಗ್ಲೇ ಹೇಳಿದೀನಿ."

ದೇವೀರಪ್ಪನವರಿಗೆ ಒಟ್ಟು ಒಂಬತ್ತು ಸಿಕ್ಕಿದವು. ಏಣಿ ಇಲ್ಲದ ಮೇಷ್ಟ್ರುಗಳು ಷಡಕ್ಷರಿಯ ಅಂಗಡಿಗೆ ಹೋದರು. ಆತ ಐದು ವರ್ಷದಿಂದ ಸೀಸೆಯಲ್ಲಿ ಕೂಡಿಟ್ಟ ಹಲ್ಲುಗಳನ್ನು ತಲಾ ಹತ್ತು ರೂಪಾಯಿಗೆ ಮಾರಿದ. ಸೀಸೆ ಬರಿದಾದ ಮೇಲೆ, ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ತಾನೇ ಐದು ರೂಪಾಯಿ ಕೊಡತೊಡಗಿದ. ಲೆಕ್ಕ ತಪಾಸಣೆಯವರಿಗೆಂದು ಘಟಕ ತಯಾರಿಸುತ್ತಿದ್ದ ತುಲನಾತ್ಮಕ ಪಟ್ಟಿಯಲ್ಲಿ ಖಾಸಗಿ ದರ ಸೊನ್ನೆಗಿಂತ ಐದು ರೂಪಾಯಿ ಕೆಳಗಿಳಿಯಿತು. ಇದಕ್ಕೆ ಸರಿಗಟ್ಟಲು ಸರ್ಕಾರವೂ ರೋಗಿಗೆ ಹಣ ಕೊಡಬೇಕಾಗುತ್ತದೆಂದು ಮನಗಂಡು, ಆ ಕಾಲಂ ಮೇಲೆ ಕಾಗದ ಅಂಟಿಸಿ ಹಳೆಯ ದರ ಹನ್ನೆರಡನ್ನೇ ಬರೆಯಲಾಯಿತು.

ಮಾರ್ಚ್ ಮೂವತ್ತೊಂದು, ನಾಲ್ಕೂ ಕಾಲು ಗಂಟೆ. ಸಾವಿರದ ನಾನೂರ ತೊಂಬತ್ತೊಂಬತ್ತು ಹಲ್ಲು ಜಮಾ ಆಗಿದ್ದವು. ಬಾಕಿ ಉಳಿದದ್ದು ದೇವೀರಪ್ಪನವರ ಹತ್ತನೆಯದು. ಅವರನ್ನು ತರೀಕೆರೆಗೆ ಕರೆಸಿ ಕುರ್ಚಿಯಲ್ಲಿ ಕೂರಿಸಲಾಯಿತು. ಡಾಕ್ಟರ್ ಕಲ್ಲೇಶಪ್ಪನವರು ಇಕ್ಕಳವನ್ನು ಸೀದಾ ಮುಂದಿನ ಹಲ್ಲಿಗೆ ಹಿಡಿದರು.

"ಡಾಕ್ಟ್ರೇ, ನೋಯ್ತಿರೋದು ಅದಲ್ಲ, ಹಿಂದಿಂದು!"

"ಗೊತ್ತು ಮೇಷ್ಟ್ರೇ. ಅದು ಏಪ್ರಿಲ್‌ದು. ಇದು ಮಾರ್ಚ್‌ದು. ಆ ಅನ್ನಿ."

ದೇವೀರಪ್ಪನವರು ಡಾಕ್ಟರ ಕೈಯನ್ನು ಮೆಲ್ಲಗೆ ಸರಿಸಿ ಎದ್ದು, ರಸ್ತೆ ದಾಟಿ ಷಡಕ್ಷರಿಯ ಅಂಗಡಿಗೆ ಹೋದರು. ಅರ್ಧ ಗಂಟೆಯಲ್ಲಿ ದವಡೆ ಹಲ್ಲು ಹೊರಗೆ ಬಂತು. ಷಡಕ್ಷರಿ ಐದು ರೂಪಾಯಿ ಚಾಚಿದ. ದೇವೀರಪ್ಪನವರು ಅದನ್ನು ಮುಟ್ಟದೆ ಮೇಜಿನ ಮೇಲೆ ಹನ್ನೆರಡು ಎಣಿಸಿಟ್ಟರು.

"ಬ್ಯಾಡ್ರಿ ಮೇಷ್ಟ್ರೇ, ಈಗ ಯಾರೂ ಕೊಡ್ತಿಲ್ಲ. ನೀವು ಕೊಟ್ರೆ ಜನ ನನ್ನ ನೋಡಿ ನಗ್ತಾರೆ."

ಬಾಗಿಲಲ್ಲಿ ಸೋಮಶೇಖರಪ್ಪನವರು ರಿಜಿಸ್ಟರ್ ಹಿಡಿದು ನಿಂತಿದ್ದರು. ಹಿಂದೆ ಮೇಷ್ಟ್ರುಗಳ ಸಾಲು. ಹಲವರು ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದರು.

"ಇನ್ನೂ ಹತ್ತು ನಿಮಿಷ ಇದೆ. ಅದನ್ನಿಲ್ಲಿ ಕೊಡಿ ಮೇಷ್ಟ್ರೇ. ನಿಮ್ಮ ಸಂಬಳ, ಇಂಕ್ರಿಮೆಂಟು ಎಲ್ಲಾ ನಾನು ನೋಡ್ಕೋತೀನಿ."

ಬಾಯಲ್ಲಿ ಹತ್ತಿಯಿದ್ದರೂ ದೇವೀರಪ್ಪನವರು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: "ಇದು ನೋಯ್ತಿದ್ದ ಹಲ್ಲು ಸಾರ್. ನಿಮ್ಮ ಪಟ್ಟಿಗೆ ಸೇರಲ್ಲ."

ಸೋಮಶೇಖರಪ್ಪನವರು ರಿಜಿಸ್ಟರಿನ ಪಟ್ಟಿಯನ್ನು ತಿರುವಿ ನೋಡಿದರು. ಆಕ್ಷೇಪಣೆ ಸರಿಯಾಗಿಯೇ ಇತ್ತು. ನೋಯುವ ಹಲ್ಲೆಂದು ನಮೂದಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಅವರು ಕನ್ನಡಕ ತೆಗೆದು ಗುಮಾಸ್ತನ ಕೈಗೆ ಕೊಟ್ಟು, ತಾವೇ ರಸ್ತೆ ದಾಟಿ ಹೋಗಿ ಘಟಕದ ಕುರ್ಚಿಯಲ್ಲಿ ಕೂತರು. ಐದಕ್ಕೆ ಒಂದು ನಿಮಿಷವಿರುವಾಗ ಗುರಿ ಪೂರ್ತಿಯಾಯಿತು. ಸರ್ಕಾರಿ ಹಲ್ಲು ಹನ್ನೆರಡು ರೂಪಾಯಿ, ಖಾಸಗಿ ಹಲ್ಲು ಹನ್ನೆರಡು ರೂಪಾಯಿ, ವ್ಯತ್ಯಾಸ ಇಲ್ಲ ಎಂದು ಬರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಬಳವೂ ಇಲ್ಲದ, ಇಂಕ್ರಿಮೆಂಟೂ ಇಲ್ಲದ ದೇವೀರಪ್ಪನವರು ಹಲ್ಲನ್ನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡು, ಊರಿಗೆ ಹೋಗಲು ಕಡೂರು ಬಸ್ಸು ಹತ್ತಿದರು.