ನಡುಗಡ್ಡೆಗೆ ಬಸ್ಸು

ಎಲ್ಲಾ ಶುರುವಾದದ್ದು ಒಂದು "ಹೂಂ"ನಿಂದ. ಆರು ವರ್ಷದ ಹಿಂದೆ ಸಿದ್ದೇಶ ಗದಗಿನಿಂದ ನಾಗಪುರದ ರೈಲ್ವೆ ಕಾಲೊನಿಗೆ ಬಂದಿಳಿದಾಗ, ಪಕ್ಕದ ಮನೆಯ ಸೊಲ್ಲಾಪುರದ ಗಂಗೂಬಾಯಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೇಳಿದ್ದರು: "ಕರ್ನಾಟಕದಾವ್ರಂದ್ರ ನಿಮ್ಮೂರಾಗ ಸಮುದ್ರ ಇರಬೇಕಲ್ರಿ?" ಅವನ ಊರಿನಲ್ಲಿ ನಲ್ಲಿಯ ನೀರಿಗೇ ದಾರಿ ಕಾಯಬೇಕು. ಆದರೂ ಆ ಬಿಸಿಲಲ್ಲಿ ಹಿರಿಯರ ಆಸೆ ಕೆಡಿಸುವುದೇಕೆ ಎಂದು ಹೂಂ ಅಂದುಬಿಟ್ಟ.

ಆ ಹೂಂ ಬೆಳೆದೂ ಬೆಳೆದೂ ಇವತ್ತು ಕನ್ನಡ ಸಂಘದ ಬೋರ್ಡಿಗೇರಿತ್ತು. "ಸಂಜೆ ಐದಕ್ಕೆ: ಕರಾವಳಿಯ ಕೋಟೆ ಕೊತ್ತಲಗಳು. ಉಪನ್ಯಾಸ: ಸಿದ್ದೇಶ. ಅಧ್ಯಕ್ಷತೆ: ಶ್ರೀಕಾಂತ ನಾಯಕ."

ನಾಯಕರು ಆಫೀಸಿನ ಹೊಸ ಸಾಹೇಬರು, ಹೊನ್ನಾವರದವರು. ಹುಬ್ಬಳ್ಳಿಗೆ ವರ್ಗ ಕೇಳಿದ ಸಿದ್ದೇಶನ ಅರ್ಜಿ ಅವರ ಸಹಿಗಾಗಿಯೇ ಕಾದಿತ್ತು.

"ಸಮುದ್ರದ ದಂಡಿಯವ್ರ ಮುಂದ ಸುಳ್ಳ ಹೇಳತೀರಿ? ಅರ್ಜಿ ಹರದ ಒಗೀತಾರ," ಎಂದಳು ಹೆಂಡತಿ ವೇದವತಿ. "ಜ್ವರ ಬಂದೈತಂತ ಮಲಗಿಬಿಡ್ರಿ."

ಮಲಗಿದ. ಗಂಗೂಬಾಯಿ ಬಂದು ಖಾರದ ಕಷಾಯ ಕುಡಿಸಿ, ಕೈಹಿಡಿದು ನಡೆಸಿ, ವೇದಿಕೆಯ ಮೇಲೇ ಕೂರಿಸಿದರು.

ಮಿರ್ಜಾನ್ ಕೋಟೆ ಹೇಗೋ ದಾಟಿತು, ಮೊಬೈಲಿನಲ್ಲಿ ಓದಿಕೊಂಡಿದ್ದ. ಕಾಪುವಿನ ದೀಪಸ್ತಂಭವನ್ನೂ ಹತ್ತಿ ಇಳಿದ. ಹೊನ್ನಾವರದ ಬಸವರಾಜ ದುರ್ಗ ಬಂದಾಗ ಗಂಗೂಬಾಯಿ ಎದ್ದರು. "ಅಲ್ಲಿಗೆ ಹೆಂಗ ಹೋಗೂದ್ರಿ?"

"ಬಸ್ಸಿನ್ಯಾಗ್ರಿ. ಸೀದಾ ಕೋಟಿ ಬಾಗಲಕ್ಕ ಇಳಸ್ತಾರ."

ಮೈಸೂರು ಕಡೆಯ ಕಾರ್ಯದರ್ಶಿ ಗುರುಪ್ರಸಾದ್ ಮೊಬೈಲಿನಿಂದ ತಲೆಯೆತ್ತಿದರು. "ಅದು ನಡುಗಡ್ಡೆ ಅಂತ ಇದೆಯಲ್ಲ ಸಾರ್ ಇಲ್ಲಿ? ಸುತ್ತ ಸಮುದ್ರವಂತೆ!"

ಸಿದ್ದೇಶ ಓರೆಗಣ್ಣಿನಿಂದ ಸಾಹೇಬರ ಕುರ್ಚಿಯ ಕಡೆ ನೋಡಿದ. ಹೋಯಿತು ಹುಬ್ಬಳ್ಳಿ, ಅಂದುಕೊಂಡ.

"ಬರೋಬರ್ ಹೇಳ್ಯಾರ!" ನಾಯಕರು ಮೇಜು ಗುದ್ದಿದರು. "ನೀರ ಇಳದಾಗ ಬಸ್ ಬಿಡ್ತಾರ. ನಾನ ಎಷ್ಟ ಸಲ ಹೋಗೇನಿ!"

ಚಪ್ಪಾಳೆಯೋ ಚಪ್ಪಾಳೆ. "ಹಂಗಾದ್ರ ಡಿಸೆಂಬರಕ್ಕ ಎಲ್ಲಾರ್ನೂ ಕರಕೊಂಡ ಹೋಗ್ರಿ ಸಾಹೇಬ್ರ!" ಎಂದು ಗಂಗೂಬಾಯಿ ಕೂಗಿದರು. ಸಾಹೇಬರು ಹುರುಪಿನಲ್ಲಿ "ಚಲೋ, ಪಕ್ಕಾ!" ಅಂದೇಬಿಟ್ಟರು.

ಸಭೆ ಮುಗಿದದ್ದೇ ತಡ, ಅವರು ಸಿದ್ದೇಶನನ್ನು ಕಂಬದ ಮರೆಗೆ ಎಳೆದರು. "ಯಾರ ಮುಂದೂ ಹೇಳಬ್ಯಾಡ್ರಿ. ಹೊನ್ನಾವರ ನಮ್ಮಪ್ಪನ ಊರು. ನಾ ಹುಟ್ಟಿ ಬೆಳದದ್ದು ಇಲ್ಲೇ, ನಾಗಪುರದಾಗ. ಸಮುದ್ರ ಕಣ್ಣಿಲೆ ಕಂಡಿಲ್ಲ. ಇನ್ನ ನೀವ ದಾರಿ ತೋರಸಬೇಕು."

"ಸಾಹೇಬ್ರ, ನನ್ನ ಟ್ರಾನ್ಸ್‌ಫರ್..."

"ಅದನ್ನ ಮರೀರಿ. ನೀವು ಹೋದ್ರ ನನ್ನ ಮಾನ ಕಾಯೋರು ಯಾರು?"

ಸಿದ್ದೇಶನಿಗೆ ಅಳುವೇ ಬಂತು. "ಖರೇ ಹೇಳ್ತೀನ್ರಿ, ನಾನೂ ಸಮುದ್ರ ನೋಡಿಲ್ಲ!"

ಸಾಹೇಬರು ಬೆನ್ನು ತಟ್ಟಿ ನಕ್ಕರು. "ಎಷ್ಟು ವಿನಯ ರೀ ನಿಮ್ದು! ಇಂಥಾವ್ರನ್ನ ನಾ ಬಿಡ್ತೀನೇನು?"

ಮನೆಯಲ್ಲಿ ವೇದವತಿ ಬಾಗಿಲಲ್ಲೇ ನಿಂತಿದ್ದಳು. "ಹುಬ್ಬಳ್ಳಿ ಅರ್ಜಿ ಏನಾತ್ರಿ?"

ಸಿದ್ದೇಶ ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕುಸಿದ.

"ನಡುಗಡ್ಡಿಗೆ ಒಂದು ಬಸ್ ಬಿಟ್ಟಿದ್ದೆ. ಅದರಾಗ ಹತ್ತಿ ಹೋತು."