ಫ್ಯಾನು ತಿರುಗಿತು, ಯಜಮಾನರು ಮಾತಾಡಿದರು

ಮಂಗಳವಾರ ಬೆಳಿಗ್ಗೆ ರೈಲು ಹಿಡಿಯಲು ಕಾರು ಸ್ಟಾರ್ಟ್ ಮಾಡಿದೆ. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಎಂಜಿನ್ ರಾತ್ರಿಯಿಡೀ ತಣ್ಣಗೆ ಮಲಗಿತ್ತು. ಆದರೂ ರೇಡಿಯೇಟರಿನ ಫ್ಯಾನು ಒಮ್ಮೆಲೇ ಹಿಟ್ಟಿನ ಗಿರಣಿಯಂತೆ ಮೊರೆಯತೊಡಗಿತು. ನಮ್ಮೂರು ಡೌನರ್ಸ್ ಗ್ರೋವ್‌ನ ಸ್ಟೇಷನ್ನಿನಲ್ಲಿ ಎಂಜಿನ್ ಆರಿಸುವವರೆಗೂ ನಿಲ್ಲಲಿಲ್ಲ.

ನಮ್ಮ ಯಜಮಾನರು ವೀರೇಶ್ ಇಂಥ ಫ್ಯಾನುಗಳದ್ದೇ ಎಂಜಿನಿಯರು. ವಾರವಿಡೀ ನಾಲ್ಕೂವರೆ ಗಂಟೆ ದಾರಿಯ ಡಿಯರ್‌ಬಾರ್ನ್‌ನಲ್ಲಿ ಕೆಲಸ, ಬಾಡಿಗೆ ಕೋಣೆ. ಶುಕ್ರವಾರ ನಮ್ಮೂರಿನವರೇ ಆದ ಸಹೋದ್ಯೋಗಿ ಹಸ್ನೈನ್ ಅವರ ಕಾರಿನಲ್ಲಿ ಮನೆಗೆ. ಮಗಳು ಕಾಲೇಜು ಸೇರಿದ ಮೇಲೆ ಈ ನಾಲ್ಕು ಬೆಡ್‌ರೂಮಿನ ಸಾಮ್ರಾಜ್ಯಕ್ಕೆ ನಾನೇ ಮಹಾರಾಣಿ, ನಾನೇ ಪ್ರಜೆ. ಸಂಜೆ ಅವರ ಫೋನ್ ಬರುತ್ತದೆ.

"ಊಟ ಆತಾ?"

"ಆತು."

"ಮತ್ತ?"

"ಮತ್ತೇನಿಲ್ಲ."

(ರೇಡಿಯೋದ ಹವಾಮಾನ ವರದಿ ಇದಕ್ಕಿಂತ ಉದ್ದ ಇರುತ್ತದೆ.)

ಆ ಸಂಜೆ "ಮತ್ತ?" ಎಂದಾಗ ಫ್ಯಾನಿನ ಸುದ್ದಿ ಹೇಳಿದೆ.

"ಏಸಿ ಹಚ್ಚಿದ್ದೀ ಏನು?"

"ಈ ಥಂಡ್ಯಾಗ ಏಸಿ ಯಾರು ಹಚ್ಚತಾರ್ರೀ?"

"ಎಂಜಿನ್ ಲೈಟ್ ಹತ್ತೈತೇನು?"

"ಅದು ಎರಡು ವರ್ಷದಿಂದ ಹತ್ತೇ ಐತಿ. ನಿಮಗ ಹೇಳೀನಲ್ಲ."

"ಗ್ಯಾರೇಜಿನ ಬಾಗಿಲಾ ತಗಿ. ವಿಡಿಯೋ ಹಚ್ಚು."

ಮುಕ್ಕಾಲು ಗಂಟೆ ಮಾತಾಡಿದೆವು! ಫ್ಯಾನಿನ ರಿಲೇ ಎಂಬ ಪುಟ್ಟ ಕರೆಂಟಿನ ಸ್ವಿಚ್ಚು ಕಿತ್ತು ಹಾರ್ನಿಗೆ, ಹಾರ್ನಿನದು ಫ್ಯಾನಿಗೆ ಹಾಕಿಸಿದರು. ಹಾರ್ನು ಕೂಗಿತು, ಫ್ಯಾನೂ ತಿರುಗಿತು. "ಅಂದರ ರಿಲೇ ನಿರಪರಾಧಿ! ಭಾರೀ ಮಾಡಿದಿ ನೀಲಾ!" ಎಂದರು. ನನ್ನ ಹೆಸರು ಅವರಿಗೆ ಇನ್ನೂ ನೆನಪಿದೆ ಎಂದು ಆಗ ತಿಳಿಯಿತು.

ಬುಧವಾರ ಫೋನಿಗೆ ಮೊದಲೇ ಬಾನೆಟ್ ಎತ್ತಿ ನೋಡಿದೆ. ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ಪ್ಲಗ್ ಅರ್ಧ ಹೊರಬಂದಿತ್ತು. ಒತ್ತಿ ಸ್ಟಾರ್ಟ್ ಮಾಡಿದರೆ ಫ್ಯಾನಿನ ಸದ್ದೇ ಇಲ್ಲ. (ಬಿಸಿಯ ಸುದ್ದಿ ಸಿಗದಿದ್ದರೆ ಕಾರಿನ ಕಂಪ್ಯೂಟರು ಕೆಟ್ಟದ್ದನ್ನೇ ಊಹಿಸಿ ಫ್ಯಾನು ಓಡಿಸುತ್ತದಂತೆ. ನನ್ನ ಹಾಗೆ.) ಮನೆಯ ಮೌನ ಗ್ಯಾರೇಜಿಗೂ ಬಂದು ನಿಂತಿತು. ಇನ್ನು ಫೋನ್ ಬಂದರೆ ಹೇಳುವುದೇನು? ಪ್ಲಗ್ಗನ್ನು ಮತ್ತೆ ಎಳೆದುಬಿಟ್ಟೆ.

"ಸೆನ್ಸರಿನ ಪ್ಲಗ್ ನೋಡು," ಎಂದರು ಯಜಮಾನರು.

"ನೋಡೀನ್ರಿ, ಗಟ್ಟಿ ಕುಂತೈತಿ," ಎಂದೆ, ಕ್ಯಾಮೆರಾವನ್ನು ಬ್ಯಾಟರಿಯ ಕಡೆ ತಿರುಗಿಸಿ.

"ಹಂಗಾರ ಇದು ಸಾದಾ ಕೇಸಲ್ಲ!" ಧ್ವನಿಯಲ್ಲಿ ಮದುಮಗನ ಉತ್ಸಾಹ. ಗುರುವಾರ ಹಸ್ನೈನ್ ಅವರನ್ನೂ ಕಾಲ್‌ಗೆ ಸೇರಿಸಿಕೊಂಡು ಒಂದೂವರೆ ಗಂಟೆ ಚರ್ಚಿಸಿದರು. ನಡುವೆ ನನ್ನ ಆಫೀಸಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಿದರು.

ಶುಕ್ರವಾರ ಪ್ಲಗ್ಗನ್ನು ಬಿಗಿಯಾಗಿ ಒತ್ತಿ, ಜೋಳದ ರೊಟ್ಟಿ ಬಡಿದು ಕಾದೆ. ಕಾರು ಸರಿಹೋದರೆ ವಾರಾಂತ್ಯ ನನ್ನದು ಎಂಬುದು ನನ್ನ ಲೆಕ್ಕ. ಅವರು ಬ್ಯಾಗಿನ ಸಮೇತ ನೇರ ಗ್ಯಾರೇಜಿಗೆ ಹೋದರು. ಫ್ಯಾನು ತಾನಾಗಿಯೇ ನಿಂತಿತು ಎಂದೆ.

"ತಾನ ನಿಂತತಾ? ಏನೂ ಮಾಡದ? ಇದು ಭಾಳ ಡೇಂಜರ್, ನೀಲಾ. ತಾನ ಬಂದು ತಾನ ಹೋಗೋ ಫಾಲ್ಟ್!"

ಶನಿವಾರವಿಡೀ ಬಾನೆಟ್ಟಿನ ಕೆಳಗೇ ಇದ್ದರು. ರೊಟ್ಟಿಯನ್ನೂ ಅಲ್ಲೇ ತಿಂದರು. ಭಾನುವಾರ ಬೆಳಿಗ್ಗೆ ತಡೆಯಲಾರದೆ ಬಾಯಿಬಿಟ್ಟೆ. "ರೀ, ಪ್ಲಗ್ ಲೂಸ್ ಇತ್ತು. ಬುಧವಾರನ ನನಗ ಗೊತ್ತಾಗಿತ್ತು. ನಾನ ಮತ್ತ ಕಿತ್ತೆ."

ಅವರು ಕೈ ಒರೆಸಿಕೊಂಡು ಪ್ಲಗ್ಗಿನ ಕಡೆ ಬಗ್ಗಿದರು. ಯಾಕೆ ಕಿತ್ತೆ ಎಂದು ಕೇಳುತ್ತಾರೆಂದು ಕಾದೆ.

"ಅದಿರಲಿ," ಎಂದರು. "ಮೊದಲನೇ ದಿನ ಲೂಸ್ ಯಾಕಾತು? ವೈಬ್ರೇಶನ್ನೋ, ಕ್ಲಿಪ್ಪೋ? ಓಡಿಸಿ ನೋಡಬೇಕು. ಕೀಲಿ ಕೊಡು ಇಲ್ಲಿ."

ಮಧ್ಯಾಹ್ನ ಹಸ್ನೈನ್ ತಮ್ಮ ಕಾರಿನಲ್ಲಿ ಮುಂದೆ, ಯಜಮಾನರು ನನ್ನ ಕಾರಿನಲ್ಲಿ ಹಿಂದೆ, ಡಿಯರ್‌ಬಾರ್ನ್‌ಗೆ ಹೊರಟರು. ಪರೀಕ್ಷೆ ಎರಡು ವಾರದ್ದಂತೆ. ನಾಳೆಯಿಂದ ನಾನು ಸ್ಟೇಷನ್ನಿಗೆ ನಡೆದು ಹೋಗಬೇಕು, ಒಂದೂವರೆ ಮೈಲಿ.